ಕಲ್ಲು ಹೊತ್ತ ಭಾರ, ಕಲ್ಲು ಸೋಸಿದ ದನಿ

ಅಥೆನ್ಸ್‌ಗೆ ಹೋದವರಿಗೆ ಒಂದು ದಿನ ಬಿಡುವು ಸಿಕ್ಕರೆ ಬಾಡಿಗೆ ಕಾರು ಮಾಡಿಕೊಂಡು ಪೆಲೊಪೊನೀಸ್ ಕಡೆಗೆ ಹೊರಡಬೇಕು. ಕೊರಿಂಥ್ ಕಾಲುವೆ, ಮೈಸಿನಿಯ ಕೋಟೆ, ಎಪಿಡಾರಸ್‌ನ ಬಯಲು ರಂಗಮಂದಿರ ಮೂರನ್ನೂ ನೋಡಿ ರಾತ್ರಿಯ ಊಟದ ಹೊತ್ತಿಗೆ ಮರಳಬಹುದು. ನಮ್ಮದೇ ಕಾರಿದ್ದರೆ ದೊಡ್ಡ ಅನುಕೂಲವೆಂದರೆ, ಬಸ್ಸಿನ ಗುಂಪು ಫೋಟೊ ತೆಗೆದು ಮುಂದೆ ಹೋದಮೇಲೂ ಒಂದೇ ಕಲ್ಲಿನೆದುರು ಬೇಕಾದಷ್ಟು ಹೊತ್ತು ನಿಲ್ಲಬಹುದು. ಈ ಮೂರೂ ಜಾಗಗಳು ಹಾಗೆ ನಿಂತು ನೋಡಬೇಕಾದಂಥವು. ಕ್ರಿ.ಶ. 2ನೇ ಶತಮಾನದಲ್ಲಿ ಪೌಸೇನಿಯಸ್ ಎಂಬ ಗ್ರೀಕ್ ಪ್ರವಾಸಿ ಇವನ್ನೆಲ್ಲ ಸುತ್ತಿ, ಅಲ್ಲಿನ ಜನ ಹೇಳಿದ ಕತೆಗಳನ್ನು ಬರೆದಿಟ್ಟ. ಅವುಗಳಲ್ಲಿ ಕೆಲವನ್ನು ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ. ಆ ಕತೆಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚಿದರೆ ದೈತ್ಯರಿಗೂ ದೇವರಿಗೂ ಸಂದ ಹಿರಿಮೆ ಮನುಷ್ಯರ ಕೈಕೆಲಸಕ್ಕೆ ಮರಳಿ ಬರುತ್ತದೆ.

ಅಥೆನ್ಸ್‌ನಿಂದ ಸುಮಾರು 80 ಕಿ.ಮೀ. ದೂರದಲ್ಲಿ ಮೊದಲು ಸಿಗುವುದು ಕೊರಿಂಥ್ ಕಾಲುವೆ. ಎರಡು ಸಮುದ್ರಗಳ ನಡುವಿನ ಈ ಕಿರಿದಾದ ನೆಲಪಟ್ಟಿಯನ್ನು ಅಗೆಯಲು ಕ್ರಿ.ಶ. 67ರಲ್ಲಿ ರೋಮಿನ ಚಕ್ರವರ್ತಿ ನೀರೋ ಕೈಹಾಕಿದ. ಕೆಲಸ ಅರ್ಧಕ್ಕೇ ನಿಂತಿತು. ದೈವ ಮಾಡಿಟ್ಟದ್ದನ್ನು ಬದಲಿಸುವುದು ಮನುಷ್ಯನಿಗೆ ಕಷ್ಟ ಎಂಬ ಅರ್ಥದ ಮಾತನ್ನು ಪೌಸೇನಿಯಸ್ ಬರೆದ. 1882ರಲ್ಲಿ ಶುರುವಾದ ಹೊಸ ಪ್ರಯತ್ನ 1893ರಲ್ಲಿ ಮುಗಿದು, 6.3 ಕಿ.ಮೀ. ಉದ್ದದ ಕಾಲುವೆ ತೆರೆಯಿತು. ಸೇತುವೆಯ ಮೇಲೆ ನಿಂತು ನೀರನ್ನಷ್ಟೇ ನೋಡದೆ ಇಕ್ಕೆಲದ ಕಡಿದಾದ ಗೋಡೆಗಳನ್ನೂ ನೋಡಬೇಕು. ಬಣ್ಣಬಣ್ಣದ ಪದರಗಳು ಸಾಗುತ್ತ ಸಾಗುತ್ತ ಒಂದೆಡೆ ತಟ್ಟನೆ ತುಂಡಾಗಿ, ಮೇಲಕ್ಕೋ ಕೆಳಕ್ಕೋ ಸರಿದು ಮುಂದುವರಿಯುತ್ತವೆ. ಅವು ಸ್ತರಭಂಗಗಳು. ಒಂದು ಕಾಲದಲ್ಲಿ ಕಡಲಡಿಯಲ್ಲಿದ್ದ ಈ ಪದರಗಳನ್ನು ಭೂಮಿ ಮೇಲೆತ್ತಿ ಸೀಳಿದೆ. ಪಕ್ಕದ ಕೊರಿಂಥ್ ಕೊಲ್ಲಿಯ ಪಶ್ಚಿಮ ಭಾಗ ವರ್ಷಕ್ಕೆ 1ರಿಂದ 1.5 ಸೆಂ.ಮೀ.ನಷ್ಟು ಈಗಲೂ ಅಗಲವಾಗುತ್ತಿದೆ. 1858ರ ಭೂಕಂಪಕ್ಕೆ ಹಳೆಯ ಕೊರಿಂಥ್ ಊರು ನೆಲಸಮವಾಯಿತು. ಬೇರೆಡೆ ಕಟ್ಟಿಕೊಂಡ ಹೊಸ ಊರು 1928ರಲ್ಲಿ ಕುಸಿಯಿತು. 2021ರಲ್ಲಿ ಗೋಡೆ ಜರಿದು ಕಾಲುವೆಯನ್ನೇ ಮುಚ್ಚಬೇಕಾಯಿತು.

ಇಂಥ ಅಲುಗಾಡುವ ನೆಲದ ಮೇಲೆ 3,200 ವರ್ಷಗಳಿಂದ ನಿಂತಿದೆ ಮೈಸಿನಿಯ ಸಿಂಹದ್ವಾರ. ಕೋಟೆಯ ಬಂಡೆಗಳ ಗಾತ್ರ ಕಂಡು ಹಿಂದಿನವರು ಒಕ್ಕಣ್ಣಿನ ದೈತ್ಯರಾದ ಸೈಕ್ಲಾಪರೇ ಇದನ್ನು ಕಟ್ಟಿದ್ದೆಂದು ನಂಬಿದ್ದರು. ಪೌಸೇನಿಯಸ್ ಬರೆದದ್ದೂ ಅದನ್ನೇ. ಬಾಗಿಲ ಮೇಲೆ ಅಡ್ಡಲಾಗಿ ಇಟ್ಟ ತೊಲೆಗಲ್ಲು ಒಂದೇ ಸುಮಾರು 20 ಟನ್ ತೂಗುತ್ತದೆ. ಆದರೆ ಕಟ್ಟಿದವರ ಜಾಣ್ಮೆ ಅಷ್ಟು ಭಾರ ಎತ್ತಿದ್ದಕ್ಕಿಂತ ಹೆಚ್ಚಾಗಿ, ಆ ಕಲ್ಲಿನ ಮೇಲೆ ಭಾರ ಬೀಳದಂತೆ ನೋಡಿಕೊಂಡಿದ್ದರಲ್ಲಿ ಕಾಣುತ್ತದೆ.

ಎರಡು ತುದಿಗಳ ಮೇಲೆ ಕೂತ ತೊಲೆ ಭಾರ ಬಿದ್ದಾಗ ನಡುವೆ ಕೊಂಚ ಬಾಗುತ್ತದೆ. ಆಗ ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಎಳೆತಕ್ಕೆ ಸಿಗುತ್ತದೆ. ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲಕ್ಕೆ ಬೇಗ ಸೀಳುತ್ತದೆ. ಮೈಸಿನಿಯ ಶಿಲ್ಪಿಗಳು ತೊಲೆಗಲ್ಲಿನ ಮೇಲೆ ಗೋಡೆ ಕಟ್ಟದೆ ತ್ರಿಕೋನಾಕಾರದ ಜಾಗ ಬಿಟ್ಟರು. ಎಡಬಲದ ಕಲ್ಲುಗಳನ್ನು ಸಾಲುಸಾಲಾಗಿ ಒಳಚಾಚಿ ಮೇಲೆ ಕೂಡಿಸಿದ್ದರಿಂದ ಮೇಲಿನ ಭಾರವೆಲ್ಲ ಪಕ್ಕಕ್ಕೆ ಸರಿದು ಬಾಗಿಲ ಕಂಬಗಳ ಮೂಲಕ ನೆಲಕ್ಕಿಳಿಯಿತು. ಖಾಲಿ ತ್ರಿಕೋನವನ್ನು ಮುಚ್ಚಲು ಬಂದದ್ದೇ ಎದುರುಬದುರು ನಿಂತ ಸಿಂಹಗಳ ಕೆತ್ತನೆ. ಯುರೋಪಿನ ಅತಿ ಪ್ರಸಿದ್ಧ ಪ್ರಾಚೀನ ಶಿಲ್ಪಗಳಲ್ಲೊಂದು ಕೂತಿರುವುದು ಎಂಜಿನಿಯರನೊಬ್ಬ ಬೇಕೆಂದೇ ಬಿಟ್ಟ ಕಿಂಡಿಯಲ್ಲಿ.

ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ ‘ಏಟ್ರಿಯಸ್‌ನ ಖಜಾನೆ’. ಪೌಸೇನಿಯಸ್ ಹೇಳಿದ ನೆಲದಡಿಯ ಖಜಾನೆಗಳ ನೆನಪಿಗೆ ಈ ಹೆಸರು ಉಳಿದಿದೆ. ನಿಜದಲ್ಲಿ ಇದು ಗೋರಿ. ಇದರ ಬಾಗಿಲ ಮೇಲಿನ ತ್ರಿಕೋನಕ್ಕಿದ್ದ ಮುಚ್ಚುಗಲ್ಲುಗಳು ಹೋಗಿರುವುದರಿಂದ ಒಳಗುಟ್ಟು ಬಯಲಾಗಿ ಕಾಣುತ್ತದೆ. ಒಳಗೆ ಸುಮಾರು 13.5 ಮೀಟರ್ ಎತ್ತರ, 14.5 ಮೀಟರ್ ಅಗಲದ ಗುಮ್ಮಟವಿದೆ. ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟ ಕಲ್ಲಿನ ಸುತ್ತುಗಳು ಮೇಲೆ ಹೋದಂತೆ ಕಿರಿದಾಗುತ್ತವೆ. ಪ್ರತಿ ಸುತ್ತೂ ಪೂರ್ಣ ವೃತ್ತವಾದ್ದರಿಂದ ಒಳಕ್ಕೆ ಜಾರಲು ಹೊರಟ ಕಲ್ಲನ್ನು ಅದರ ಎರಡೂ ಪಕ್ಕದ ಕಲ್ಲುಗಳು ಬಿಗಿಹಿಡಿಯುತ್ತವೆ. ಹೊರಗೆ ಪೇರಿಸಿದ ಮಣ್ಣಿನ ದಿಬ್ಬ ಹಿಂದಿನಿಂದ ಒತ್ತಿ ನಿಲ್ಲಿಸುತ್ತದೆ. ರೋಮನ್ನರು ಬರುವವರೆಗೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇಷ್ಟು ದೊಡ್ಡ ಗುಮ್ಮಟವನ್ನು ಬೇರೆ ಯಾರೂ ಕಟ್ಟಲಿಲ್ಲ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು, ಸದ್ದು ಸುತ್ತಿ ಸುತ್ತಿ ಮರಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ದನಿ ಮರುಮರುಕಳಿಸುವುದೂ ಇದೇ ಕಾರಣಕ್ಕೆ: ಒಳಬಾಗಿದ ಗಟ್ಟಿ ಗೋಡೆ ಸದ್ದನ್ನು ಚದುರಲು ಬಿಡದೆ ಮತ್ತೆ ಮತ್ತೆ ಒಟ್ಟುಗೂಡಿಸುತ್ತದೆ.

ಮಧ್ಯಾಹ್ನದ ಮೇಲೆ ತಲುಪುವ ಎಪಿಡಾರಸ್‌ನಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ. ಸೂರಿಲ್ಲ, ಗೋಡೆಯಿಲ್ಲ, ಆದರೂ ದನಿ ದೂರ ಹೋಗಬೇಕು, ಪ್ರತಿಧ್ವನಿಯಾಗಬಾರದು. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರಕ್ಕೆ ರೋಗಿಗಳು ದೂರದೂರದಿಂದ ಬರುತ್ತಿದ್ದರು. ಅದರ ಪಕ್ಕದ ಗುಡ್ಡದ ಇಳಿಜಾರಿನಲ್ಲಿ ಕ್ರಿ.ಪೂ. 4ನೇ ಶತಮಾನದಲ್ಲಿ ಈ ರಂಗಮಂದಿರ ಶುರುವಾಯಿತು. ಕೆಳಗೆ 34 ಸಾಲು, ಮೇಲೆ 21 ಸಾಲು, ಹದಿಮೂರು ಹದಿನಾಲ್ಕು ಸಾವಿರ ಜನ ಕೂರುವ ಜಾಗ. ಕಡಿದಾದ ಇಳಿಜಾರಿನಿಂದಾಗಿ ಮುಂದಿನವರ ತಲೆ ಅಡ್ಡಬರದೆ ನಟನ ದನಿ ನೇರವಾಗಿ ಕಿವಿಗೆ ತಲುಪುತ್ತದೆ. ಅದರ ಬೆನ್ನಿಗೇ, ವೃತ್ತಾಕಾರದ ಗಟ್ಟಿ ನೆಲಕ್ಕೆ ತಾಗಿ ಪುಟಿದ ದನಿಯೂ ಬರುತ್ತದೆ. ನಡುವಿನ ಅಂತರ ತೀರಾ ಕಡಿಮೆಯಾದ್ದರಿಂದ ಮಿದುಳು ಎರಡನ್ನೂ ಒಂದೇ ದನಿಯಾಗಿ ಕೇಳಿಸಿಕೊಳ್ಳುತ್ತದೆ.

2007ರಲ್ಲಿ ನಿಕೊ ಡೆಕ್ಲರ್ಕ್ ಮತ್ತು ಸಿಂಡಿ ಡೆಕೈಸರ್ ಎಂಬ ಸಂಶೋಧಕರು ಮೆಟ್ಟಿಲ ಸಾಲುಗಳ ಪಾತ್ರವನ್ನು ಲೆಕ್ಕ ಹಾಕಿದರು. ಸಾಲಿನಿಂದ ಸಾಲಿಗೆ ಇರುವ ಅಂತರ ಸುಮಾರು ಮುಕ್ಕಾಲು ಮೀಟರ್. 500 ಹರ್ಟ್ಜ್ ಸದ್ದಿನ ತರಂಗಾಂತರವೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು 0.7 ಮೀಟರ್. ಅಲೆಯ ಅಳತೆಗೂ ಮೆಟ್ಟಿಲ ಅಳತೆಗೂ ಹೀಗೆ ಹೊಂದಾಣಿಕೆಯಾದಾಗ ಮೆಟ್ಟಿಲ ಸಾಲು ಸದ್ದನ್ನು ಸೋಸುತ್ತದೆ. ಆ ಅಂಚಿಗಿಂತ ಕೆಳಗಿನ ಗಾಳಿಯ ಮೊರೆತ, ಜನರ ಗುಜುಗುಜು ಕುಗ್ಗುತ್ತವೆ. ಮಾತಿನ ಅಕ್ಷರಗಳನ್ನು ಬಿಡಿಸಿ ಕೇಳಿಸುವ ಮೇಲಿನ ಸ್ವರಗಳು ಉಳಿಯುತ್ತವೆ. ಹಾಗಾದರೆ ನಟನ ಕಂಠದ ಮಂದ್ರ ಸ್ವರವೂ ಸೋಸಿ ಹೋಗಬೇಕಲ್ಲವೆ? ಹೋಗುತ್ತದೆ, ಆದರೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಮೇಲಿನ ಸ್ವರಗಳ ನಡುವಿನ ಅಂತರದಿಂದಲೇ ಮೂಲ ಸ್ವರವನ್ನು ಊಹಿಸಿ ತುಂಬಿಕೊಳ್ಳುವ ಶಕ್ತಿ ಮನುಷ್ಯನ ಮಿದುಳಿಗಿದೆ. ದೂರವಾಣಿಯಲ್ಲಿ ಗಂಡುದನಿ ಗಂಡುದನಿಯಾಗೇ ಕೇಳುವುದು ಇದರಿಂದಲೇ.

ರಂಗದ ನಡುವೆ ನಾಣ್ಯ ಬೀಳಿಸಿದರೂ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ ಎಂದು ಮಾರ್ಗದರ್ಶಿಗಳು ಹೇಳುವುದುಂಟು. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಇದನ್ನು ಅಳೆದು ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ನಾಣ್ಯದ ಸದ್ದು ಎಲ್ಲ ಕಡೆಗೂ ಏನೋ ಸದ್ದೆಂದು ಕೇಳೀತು. ಅದು ನಾಣ್ಯವೆಂದು ಗುರುತು ಸಿಗುವುದು ಅರ್ಧ ಎತ್ತರದವರೆಗೆ ಮಾತ್ರ. ಪಿಸುಮಾತು ಅರ್ಥವಾಗುವುದು ಮುಂದಿನ ಸಾಲಿನವರಿಗಷ್ಟೇ. ಕೊನೆಯ ಸಾಲಿಗೂ ಮಾತು ಸ್ಪಷ್ಟವಾಗಿ ಮುಟ್ಟಬೇಕಾದರೆ ನಟ ಗಟ್ಟಿ ದನಿಯಲ್ಲೇ ಆಡಬೇಕು.

ಇದರಿಂದ ಎಪಿಡಾರಸ್‌ನ ಬೆಲೆ ಕಡಿಮೆಯಾಯಿತೆಂದು ನನಗನ್ನಿಸುವುದಿಲ್ಲ. ಮೈಸಿನಿಯ ಅರಮನೆಯ ಮುಂದೆ ನಡೆಯುವ ಸೊಫೊಕ್ಲೀಸ್‌ನ ‘ಎಲೆಕ್ಟ್ರಾ’ ನಾಟಕವನ್ನು 1938ರಲ್ಲಿ ಇಲ್ಲಿ ಆಡಿ, ಶತಮಾನಗಳ ಕಾಲ ಮಣ್ಣಡಿಯಲ್ಲಿದ್ದ ರಂಗಕ್ಕೆ ಮತ್ತೆ ಜೀವ ತಂದರು. ಇಂದಿಗೂ ಬೇಸಿಗೆಯ ರಾತ್ರಿಗಳಲ್ಲಿ ನಾಟಕಗಳು ನಡೆಯುತ್ತವೆ. ಕಟ್ಟಿದವನ ಕಲ್ಲಿನ ಅಳತೆ ಅರ್ಧ ಕೆಲಸ ಮಾಡಿದರೆ ಉಳಿದರ್ಧ ನಟನ ಪಳಗಿದ ಕಂಠದ್ದು, ಕೇಳುಗನ ಮಿದುಳಿನದು. ಪವಾಡವೆಂದು ಕೈಮುಗಿದು ಬಂದಿದ್ದರೆ ಈ ಮೂವರ ಹೆಸರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಳೆದು ನೋಡಿದ್ದರಿಂದ ಮೂವರಿಗೂ ಅವರವರ ಪಾಲು ಸಂದಿದೆ.