ಬ್ರೇಕ್ ದೀಪ ಹತ್ತದಿದ್ದರೆ

ಕಾರನ್ನು ನಡೆಸುವವರಿಗೆ ತಮ್ಮ ಗಾಡಿಯ ಹಿಂದಿನ ಬ್ರೇಕ್ ದೀಪ ಕಾಣುವುದಿಲ್ಲ. ಕೆಟ್ಟು ತಿಂಗಳಾದರೂ ತಿಳಿಯದೆ ಹೋಗಬಹುದು. ಕತ್ತಲಲ್ಲಿ ದನ ಅಡ್ಡ ಬಂದು ನೀವು ತಟ್ಟನೆ ನಿಲ್ಲಿಸಿದರೆ, ಹಿಂದಿನ ಲಾರಿಯವನಿಗೆ ಎಚ್ಚರಿಕೆ ಕೊಡತಕ್ಕದ್ದು ಆ ದೀಪವೇ. ಆದುದರಿಂದ ವಾರಕ್ಕೊಮ್ಮೆ ಸಂಜೆ ಗಾಡಿಯ ಹಿಂಭಾಗವನ್ನು ಗೋಡೆಯ ಕಡೆ ಮಾಡಿ ನಿಲ್ಲಿಸಿ ಪೆಡಲು ಒತ್ತಿರಿ. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬೆಳಕು ಬೀಳಬೇಕು.

ಬ್ಯಾಟರಿಯ ವಿದ್ಯುತ್ತು ಫ್ಯೂಸನ್ನು ದಾಟಿ ಪೆಡಲಿನ ಮೇಲ್ಗಡೆಯ ಚಿಕ್ಕ ಸ್ವಿಚ್ಚಿಗೆ ಬರುತ್ತದೆ. ಕಾಲು ಇಡದಿರುವಾಗ ಪೆಡಲೇ ಸ್ವಿಚ್ಚಿನ ಗುಂಡಿಯನ್ನು ಒಳಕ್ಕೆ ಅದುಮಿ ಹಿಡಿದಿರುತ್ತದೆ. ಪೆಡಲು ಕೆಳಗಿಳಿದೊಡನೆ ಗುಂಡಿ ಹೊರಬಂದು, ಕೆರೆಯ ತೂಬು ತೆಗೆದಂತೆ, ವಿದ್ಯುತ್ತು ದೀಪಕ್ಕೆ ಹರಿಯುತ್ತದೆ. ದೀಪದಿಂದ ಅದು ಗಾಡಿಯ ಕಬ್ಬಿಣದ ಮೈ ಮೂಲಕ ಬ್ಯಾಟರಿಗೆ ಹಿಂತಿರುಗುತ್ತದೆ.

ಒಂದೇ ಕಡೆಯ ದೀಪ ಹತ್ತದಿದ್ದರೆ ಸ್ವಿಚ್ಚನ್ನು ದೂರಬೇಡಿ. ಬಲ್ಬು ಸುಟ್ಟಿರಬಹುದು, ಇಲ್ಲವೆ ಹೋಲ್ಡರು ತುಕ್ಕು ಹಿಡಿದಿರಬಹುದು. ಎರಡೂ ಹತ್ತದಿದ್ದರೆ ಮೊದಲು ಫ್ಯೂಸು, ಅನಂತರ ಸ್ವಿಚ್ಚು ನೋಡತಕ್ಕದ್ದು. ಪರೀಕ್ಷಿಸದೆ ಹೊಸ ಸ್ವಿಚ್ಚು ಕೊಳ್ಳುವುದು ದುಡ್ಡಿಗೆ ದಂಡ.

ಪರೀಕ್ಷೆಗೆ 12 ವೋಲ್ಟಿನ ಸಣ್ಣ ಬಲ್ಬು, ಎರಡು ತಂತಿ ಸಾಕು. ಕೀಲಿ ತಿರುಗಿಸಿಟ್ಟು, ಒಂದು ತಂತಿಯನ್ನು ಬಣ್ಣವಿಲ್ಲದ ಕಬ್ಬಿಣಕ್ಕೆ ಬಿಗಿಯಿರಿ. ಇನ್ನೊಂದನ್ನು ಸ್ವಿಚ್ಚಿನ ಎರಡು ತುದಿಗಳಿಗೂ ಬೇರೆಬೇರೆಯಾಗಿ ಮುಟ್ಟಿಸಿರಿ. ಪೆಡಲು ಒತ್ತದಿರುವಾಗ ಒಂದು ತುದಿಯಲ್ಲಿ ಮಾತ್ರ ಬಲ್ಬು ಹತ್ತಬೇಕು. ಎರಡರಲ್ಲೂ ಹತ್ತದಿದ್ದರೆ ಸ್ವಿಚ್ಚಿಗೆ ವಿದ್ಯುತ್ತೇ ಬರುತ್ತಿಲ್ಲ. ಪೆಡಲು ಒತ್ತಿದಾಗ ಎರಡನೆಯ ತುದಿಯಲ್ಲೂ ಹತ್ತಬೇಕು. ಹತ್ತದಿದ್ದರೆ ಸ್ವಿಚ್ಚು ಕೆಟ್ಟಿದೆ ಅಥವಾ ಸ್ಥಾನ ತಪ್ಪಿದೆ. ಅಲ್ಲಿಯೂ ಹತ್ತಿ, ಹಿಂದಿನ ದೀಪ ಹತ್ತದಿದ್ದರೆ ತಂತಿಯನ್ನು ಹಿಂದಕ್ಕೆ ಹುಡುಕುತ್ತ ಹೋಗಿರಿ. ಇಲಿ ಕಡಿದಿರುವುದೂ ಉಂಟು. ನಾಲ್ಕು ತಂತಿಗಳ ಸ್ವಿಚ್ಚು ಇರುವ ಹೊಸ ಕಾರುಗಳನ್ನು ಮಾತ್ರ ಮೆಕ್ಯಾನಿಕ್ಕನಿಗೆ ಬಿಡುವುದು ಲೇಸು.

ದೀಪ ಆರದೆ ಉರಿಯುತ್ತಲೇ ಇದ್ದು, ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗುವುದೂ ಉಂಟು. ಆಗ ಕಾಲ ಬಳಿಯ ಚಾಪೆಯ ಮೇಲೆ ಪ್ಲಾಸ್ಟಿಕ್ ಚೂರುಗಳಿವೆಯೇ ನೋಡಿರಿ, ಕಸವೆಂದು ಗುಡಿಸಿಬಿಡಬೇಡಿ. ಗುಂಡಿಯನ್ನು ಅದುಮುವ ಸಣ್ಣ ಬಿಲ್ಲೆ ಹಳತಾಗಿ ಪುಡಿಯಾದರೆ, ಗುಂಡಿ ಪೆಡಲಿನ ತೂತಿನೊಳಕ್ಕೆ ನುಗ್ಗಿ ಹೊರಗೇ ಉಳಿಯುತ್ತದೆ. ಆಗ ಬಿಲ್ಲೆಯೊಂದನ್ನು ಬದಲಿಸಿದರೆ ಸಾಕು.

ಫ್ಯೂಸು ಪದೇ ಪದೇ ಸುಟ್ಟರೆ ದಪ್ಪ ತಂತಿ ಕಟ್ಟಬೇಡಿ. ಎಲ್ಲೋ ತಂತಿ ಸವೆದು ಮೈಗೆ ತಗಲುತ್ತಿದೆ. ಫ್ಯೂಸಿನ ಬದಲು ಆ ತಂತಿಯೇ ಕಾದು ಕಾರಿಗೆ ಬೆಂಕಿ ಹತ್ತೀತು.