ಪಿತೃಪಕ್ಷದ ತಿಥಿಗಳು: ಚಾಮರಾಜನಗರ ಸೀಮೆಯನ್ನು ಕುರಿತು ಒಂದು ವಿವೇಚನೆ

ಭಾದ್ರಪದ ಬಹುಳ ಪಾಡ್ಯದಿಂದ ಅಮಾವಾಸ್ಯೆಯವರೆಗಿನ ಕಾಲಕ್ಕೆ ಪಿತೃಪಕ್ಷವೆಂದೂ ಮಹಾಲಯಪಕ್ಷವೆಂದೂ ಹೆಸರು. ಮಾಸವು ಅಮಾವಾಸ್ಯೆಗೆ ಮುಗಿಯುವುದೆಂಬುದು ಕರ್ಣಾಟಕದ ಗಣನೆ. ಹುಣ್ಣಿಮೆಗೆ ಮುಗಿಯುವುದೆಂದು ಎಣಿಸುವ ಉತ್ತರದೇಶದವರು ಇದೇ ಪಕ್ಷವನ್ನು ಆಶ್ವಿನ ಕೃಷ್ಣವೆನ್ನುತ್ತಾರೆ. ದಿನಗಳು ಅವೇ; ಮಾಸದ ಹೆಸರು ಮಾತ್ರ ಬೇರೆ. ಶಾಸನಗಳ ತೇದಿಯನ್ನು ಗುಣಿಸುವವರು ಈ ಭೇದವನ್ನು ಮರೆತರೆ ಒಂದು ತಿಂಗಳ ವ್ಯತ್ಯಾಸ ಬಂದೀತು.

ಧರ್ಮಶಾಸ್ತ್ರದ ನಿಬಂಧಕಾರರು ಪಿತೃಕಾರ್ಯಕ್ಕೆಂದು ಹೇಳುವ ಸಂದರ್ಭಗಳು ವರ್ಷಕ್ಕೆ 96. ಅಮಾವಾಸ್ಯೆ 12, ಸಂಕ್ರಮಣ 12, ಮನ್ವಾದಿ 14, ಯುಗಾದಿ 4. ಉಳಿದವು ವ್ಯತೀಪಾತ, ವೈಧೃತಿ, ಮಹಾಲಯ, ಅಷ್ಟಕಾದಿಗಳು. ಇಷ್ಟನ್ನೂ ನಡೆಸುವ ಗೃಹಸ್ಥರು ವಿರಳ. ಸಾಮಾನ್ಯರಲ್ಲಿ ಉಳಿದುಬಂದಿರುವುದು ಮೃತತಿಥಿಯ ವಾರ್ಷಿಕ ಶ್ರಾದ್ಧ ಮತ್ತು ಈ ಪಕ್ಷ ಎಂದರೆ ತಪ್ಪಾಗಲಾರದು.

ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯಲು ಹಿಡಿಯುವ ಕಾಲವೇ ತಿಥಿ. ಅದು ಸುಮಾರು 20 ಗಂಟೆಯಿಂದ 27 ಗಂಟೆಯವರೆಗೆ ಹೆಚ್ಚುಕಡಮೆಯಾಗುವುದರಿಂದ ಒಂದೇ ತಿಥಿಯು ಎರಡು ಹಗಲುಗಳಿಗೆ ಹಂಚಿಹೋಗುವುದುಂಟು. ಆಗ ಯಾವ ದಿನ ಗ್ರಾಹ್ಯ? ಪಂಚಾಂಗವು ಸೂರ್ಯೋದಯದ ತಿಥಿಯನ್ನು ದಿನಕ್ಕೆ ಕೊಡುತ್ತದೆ. ಶ್ರಾದ್ಧಕ್ಕೆ ಅಪರಾಹ್ಣದಲ್ಲಿರುವ ತಿಥಿ ಪ್ರಮಾಣ. ಹಗಲನ್ನು ಐದು ಸಮಭಾಗ ಮಾಡಿದರೆ ನಾಲ್ಕನೆಯದೇ ಅಪರಾಹ್ಣ. ಆರು ಗಂಟೆಗೆ ಉದಯ, ಆರಕ್ಕೆ ಅಸ್ತವೆಂದು ಇಟ್ಟುಕೊಂಡರೆ ಅದು ಮಧ್ಯಾಹ್ನ 1 ಗಂಟೆ 12 ನಿಮಿಷದಿಂದ 3 ಗಂಟೆ 36 ನಿಮಿಷದವರೆಗಿನ ವೇಳೆ. ಆದಕಾರಣ ಪಂಚಾಂಗದಲ್ಲಿ ನಾಳೆಯದೆಂದು ಕಾಣುವ ತಿಥಿಯ ಶ್ರಾದ್ಧವನ್ನು ಇಂದೇ ಮಾಡಬೇಕಾಗಿ ಬರಬಹುದು.

ಪಕ್ಷದೊಳಗೆ ಮೃತರ ಸ್ಥಿತಿಯನ್ನು ನೋಡಿ ಮಾಡಿದ ವಿಭಾಗವೂ ಉಂಟು. ಮುತ್ತೈದೆಯಾಗಿ ಸತ್ತವಳಿಗೆ ನವಮಿ, ಯತಿಗಳಿಗೆ ದ್ವಾದಶಿ, ಶಸ್ತ್ರದಿಂದ ಹತರಾದವರಿಗೆ ಚತುರ್ದಶಿ. ಸತ್ತ ತಿಥಿ ತಿಳಿಯದವರೆಲ್ಲರಿಗೂ ಅಮಾವಾಸ್ಯೆ. ನಮ್ಮ ದೃಷ್ಟಿಯಲ್ಲಿ ಇತಿಹಾಸಕ್ಕೆ ಅತ್ಯಂತ ಮುಖ್ಯವಾದುದು ಈ ಕಡೆಯ ದಿನ.

ಉಡಿಗಾಲವನ್ನೊಳಗೊಂಡ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಪಿತೃಸ್ಮರಣೆಯ ರಾಜಕೀಯ ಕುರುಹುಗಳು ಎರಡು ಇವೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ತಮ್ಮ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ನಿರ್ಮಿಸಿದರು. ಅರಸನ ತಂದೆಗೆ ಊರೇ ಸ್ಮಾರಕವಾಯಿತು. ಅದೇ ಸೀಮೆಯ ಒಕ್ಕಲಿನ ತಂದೆಗೆ?

ಇದಕ್ಕೆ ಉತ್ತರವನ್ನು ಧಾತು–ಈಶ್ವರ ಸಂವತ್ಸರಗಳ ಬರಗಾಲದಲ್ಲಿ (1876–78) ಹುಡುಕಬಹುದು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಂತೆ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಗಂಜಿಕೇಂದ್ರವನ್ನು ಅರಸಿ ಹೊರಟು ದಾರಿಯಲ್ಲಿ ಬಿದ್ದವರ ತಿಥಿಯನ್ನು ಗುರುತಿಟ್ಟವರು ಯಾರು? ಗಣತಿಯು ಅಂಥವರನ್ನು ಕೊರತೆಯ ಅಂಕೆಯಾಗಿ ಮಾತ್ರ ಬಲ್ಲದು. ತಿಥಿಯಿಲ್ಲದವರನ್ನು ಮನೆಯ ಲೆಕ್ಕದೊಳಕ್ಕೆ ಸೇರಿಸಿಕೊಳ್ಳಲು ಅಮಾವಾಸ್ಯೆಯೊಂದೇ ಅವಕಾಶವಾಗಿತ್ತು. ಬರೆದಿಟ್ಟ ದಾಖಲೆಗಳಿಲ್ಲದ ಮನೆತನಗಳ ಚರಿತ್ರೆಯನ್ನು ಸಂಗ್ರಹಿಸುವವರು, ಅಂದು ಎಡೆಯ ಮುಂದೆ ಯಾರ ಯಾರ ಹೆಸರು ಹೇಳುತ್ತಾರೆಂಬುದನ್ನು ಬರೆದುಕೊಳ್ಳುವುದು ಅಗತ್ಯ. ಹೇಳುವ ಹಿರಿಯರು ಕಡಮೆಯಾಗುತ್ತಿರುವುದರಿಂದ ಈ ಕಾರ್ಯಕ್ಕೆ ಹೆಚ್ಚು ಕಾಲಾವಕಾಶವಿಲ್ಲ.

ಆಚರಣೆಯ ವಿಷಯದಲ್ಲಿ ಗ್ರಂಥಕ್ಕೂ ಹಳ್ಳಿಗೂ ಅಂತರ ಬಹಳ. ಹಳೆಯ ಮೈಸೂರಿನ ಅನೇಕ ಒಕ್ಕಲುಮನೆಗಳಲ್ಲಿ ತರ್ಪಣ ಪಿಂಡಗಳಿಗಿಂತ ಎಡೆಯೇ ಪ್ರಧಾನ. ಹೊಸ ಬಟ್ಟೆಯನ್ನಿಟ್ಟು, ಸತ್ತವರಿಗೆ ಪ್ರಿಯವಾಗಿದ್ದ ಪದಾರ್ಥಗಳನ್ನು ಬಡಿಸಿ ಧೂಪ ಹಾಕುತ್ತಾರೆ. ಮಾಂಸಾಹಾರಿಗಳ ಮನೆಯಲ್ಲಿ ಮಾಂಸವೂ ಎಡೆಗೆ ಬರುತ್ತದೆ. ಇದನ್ನು ಅಶಾಸ್ತ್ರೀಯವೆಂದು ತಳ್ಳಿಬಿಡುವುದು ನಮಗೆ ಸಮ್ಮತವಲ್ಲ. ಹಬ್ಬಕ್ಕೆ ‘ಮಾರ್ಲಾಮಿ’ ಎಂಬ ಹೆಸರೂ ಈ ಕಡೆ ಕೇಳಿಬರುತ್ತದೆ. ಅದು ‘ಮಹಾನವಮಿ’ಯ ರೂಪಾಂತರವೆಂದು ತೋರುತ್ತದೆ. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ ಮೊದಲಾಗುವುದರಿಂದ, ಮುಂದಿನ ಹಬ್ಬದ ಹೆಸರು ಹಿಂದಿನದಕ್ಕೆ ಅಂಟಿಕೊಂಡಿರಬೇಕು.