ಎಣ್ಣೆಯ ಹಿಗ್ಗೂ ಗೃಹಸ್ಥನ ಲೆಕ್ಕವೂ

ಹನೂರಿನ ಕಡೆಯ ಬೇಸಗೆಯಲ್ಲಿ, ಬೆಳಗಿನ ತಂಪಿನಲ್ಲಿ ಕಂಠಮಟ್ಟ ತುಂಬಿಸಿ ಜಗಲಿಯ ಮೇಲಿರಿಸಿದ ಕಡಲೆಕಾಯಿ ಎಣ್ಣೆಯ ಡಬ್ಬಿಯು ಮಧ್ಯಾಹ್ನದ ಬಿಸಿಲಿಗೆ ತುಳುಕುವುದುಂಟು. ಡಬ್ಬಿ ತೂತಾಯಿತೆಂದು ತಗಡನ್ನು ಹಳಿಯುವುದು ನ್ಯಾಯವಲ್ಲ. ದ್ರವಪದಾರ್ಥಗಳು ಕಾದಂತೆ ಹಿಗ್ಗುವುವು. ಎಷ್ಟು ಹಿಗ್ಗುವುವೆಂಬುದನ್ನು ಗೃಹಿಣಿಯರು ಮನೆಯಲ್ಲಿಯೇ ಗಣಿಸಬಹುದು.

ಒಂದು ಲೀಟರು ದ್ರವದ ಉಷ್ಣಮಾನವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಲೀಟರಿನ ಎಷ್ಟು ಅಂಶ ಹೆಚ್ಚುವುದೋ ಅದಕ್ಕೆ ಆ ದ್ರವದ ವ್ಯಾಕೋಚನ ಗುಣಾಂಕವೆಂದು ಹೆಸರು. ಇದು ಪಾದರಸಕ್ಕೆ 0.00018, ಅಡಿಗೆಯ ಎಣ್ಣೆಗಳಿಗೆ ಸುಮಾರು 0.0007; ಪೆಟ್ರೋಲಿಗೆ ಇನ್ನೂ ಹೆಚ್ಚು, ಸುಮಾರು 0.00095. (ನೀರಿನ ನಡತೆಯೇ ಬೇರೆ: ಮಂಜಿನಷ್ಟು ತಣ್ಣಗಿರುವ ನೀರು 4 ಡಿಗ್ರಿಯವರೆಗೆ ಕಾದಂತೆ ಕುಗ್ಗಿ, ಅನಂತರ ಹಿಗ್ಗತೊಡಗುತ್ತದೆ.) ಮೊದಲಿನ ಗಾತ್ರ, ಗುಣಾಂಕ, ಏರಿದ ಡಿಗ್ರಿಗಳು, ಈ ಮೂರನ್ನೂ ಗುಣಿಸಿದರೆ ಹೆಚ್ಚಿದ ಗಾತ್ರವು ದೊರೆಯುವುದು.

15 ಲೀಟರಿನ ಡಬ್ಬಿಯಲ್ಲಿ ಎಣ್ಣೆಯು 22ರಿಂದ 42 ಡಿಗ್ರಿಗೆ ಏರಿತೆನ್ನೋಣ. 15 × 0.0007 × 20 = 0.21 ಲೀಟರು, ಎಂದರೆ 210 ಮಿಲಿಲೀಟರು. ತಗಡೂ ಕಾದು ಡಬ್ಬಿಯ ಒಳಗಾತ್ರವು ಸುಮಾರು 11 ಮಿಲಿಲೀಟರು ಹೆಚ್ಚುವುದರಿಂದ, ಹೊರಚೆಲ್ಲುವುದು ಸುಮಾರು 200. ಅಮಾವಾಸ್ಯೆಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಎಣ್ಣೆಯನ್ನೊಯ್ಯುವವರೂ ಸೀಸೆಯ ಕೊರಳಿನಷ್ಟು ತೆರಪನ್ನು ಬಿಡುವುದು ಲೇಸು.

ಆದರೆ ಚೆಲ್ಲುವ ಎಣ್ಣೆಗಿಂತ ದೊಡ್ಡ ವಿಷಯವೊಂದಿದೆ. ಗಾತ್ರವು ಹಿಗ್ಗಿದರೂ ತೂಕವು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಆದುದರಿಂದ ಕಾದ ಎಣ್ಣೆಯ ಒಂದು ಲೀಟರಿನಲ್ಲಿ ಎಣ್ಣೆಯೇ ಕಡಿಮೆ. 30 ಡಿಗ್ರಿಯಲ್ಲಿ ಲೀಟರಿಗೆ 910 ಗ್ರಾಮ್ ತೂಗುವ ಎಣ್ಣೆಯು 60 ಡಿಗ್ರಿಯಲ್ಲಿ, 910ನ್ನು 1.021ರಿಂದ ಭಾಗಿಸಲಾಗಿ, ಸುಮಾರು 891 ಗ್ರಾಮ್ ಮಾತ್ರ ತೂಗುವುದು. ಕೆಲವು ತಯಾರಕರು ಪೊಟ್ಟಣಗಳ ಮೇಲೆ ಲೀಟರಿನ ಅಳತೆಯನ್ನು ಇಂಥ 60 ಡಿಗ್ರಿಯ ಲೆಕ್ಕದಲ್ಲಿಯೇ ಮುದ್ರಿಸುತ್ತಿದ್ದರು. ನಮ್ಮ ಯಾವ ಅಡಿಗೆಮನೆಯ ಕಪಾಟು ಅಷ್ಟು ಕಾದಿರುತ್ತದೆ? ತಿಂಗಳಿಗೆ 5 ಲೀಟರು ಕೊಳ್ಳುವ ಸಂಸಾರಕ್ಕೆ ಲೀಟರಿಗೆ 19 ಗ್ರಾಮಿನಂತೆ ವರ್ಷಕ್ಕೆ 1,140 ಗ್ರಾಮ್ ನಷ್ಟ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟಿನಲ್ಲಿ, ಉಷ್ಣಮಾನವನ್ನು ನಮೂದಿಸದೆ ಗಾತ್ರವನ್ನೂ ಅದರೊಡನೆ ತೂಕವನ್ನೂ ಮುದ್ರಿಸಬೇಕೆಂದು ಸೂಚಿಸಿ, ಅದಕ್ಕೆ 2023ರ ಜನವರಿ 15ರವರೆಗೆ ಅವಧಿ ಕೊಟ್ಟಿತು. ಲೀಟರನ್ನು ಬಿಟ್ಟು ಗ್ರಾಮನ್ನು ಓದಿ, ಬೆಲೆಯನ್ನು ಅದರಿಂದ ಭಾಗಿಸಿ ಹೋಲಿಸುವವರಿಗೆ ಎರಡು ಪೊಟ್ಟಣಗಳ ತಾರತಮ್ಯವು ಒಡನೆಯೇ ತಿಳಿಯುವುದು.

ಗಾಣದ ಎಣ್ಣೆಯನ್ನು ಅಳತೆಯಿಂದ ಕೊಳ್ಳುವವರಿಗೂ ಇದೇ ಗಣಿತವು ಅನ್ವಯಿಸುತ್ತದೆ. ಆಗತಾನೆ ಆಡಿಸಿದ ಎಣ್ಣೆಯು ಬೆಚ್ಚಗಿರುವುದರಿಂದ, ಆರಿದ ಮೇಲೆ ಅಳೆಯಿಸಿಕೊಳ್ಳುವುದು ಲಾಭಕರ. ಬೆಳಗಿಗೂ ಮಧ್ಯಾಹ್ನಕ್ಕೂ 10 ಡಿಗ್ರಿಯ ಅಂತರವಿದ್ದರೆ ಲೀಟರಿಗೆ 7 ಮಿಲಿಲೀಟರಿನಷ್ಟೇ ವ್ಯತ್ಯಾಸ. ಅಷ್ಟಕ್ಕಾಗಿ ನಸುಕಿನಲ್ಲಿಯೇ ಅಂಗಡಿಗೆ ಓಡಬೇಕಾಗಿಲ್ಲ.